ಲೋಕಪಾವನಿಯ ಮಡಿಲಕ್ಕಿ

ಬೆಳಗಿನ ನಾಲ್ಕೂವರೆಗೆ ಏಳುವುದು. ಕೊಟ್ಟಿಗೆಯ ಲೈಟು ಹಾಕಿ ಸಗಣಿ ಬಾಚಿ, ಮಂಕರಿಗೆ ತುಂಬಿ ತಿಪ್ಪೆಗೆ ಸುರಿಯುವುದು. ಗಂಜಲ ನಿಂತ ಕಡೆ ನೀರು ಹೊಡೆದು ಗುಡಿಸುವುದು. ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುರುಕಿ ಹಂಡೆಯ ನೀರು ಕಾಯಲು ಬಿಡುವುದು. ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಬಿಡುವುದು. ಹಿಂಡಿ ಬೂಸ ಕಲಸಿ ಹಸುವಿನ ಮುಂದಿಟ್ಟು, ಕೆಚ್ಚಲು ತೊಳೆದು, ಕರು ಬಿಟ್ಟು, ಕರು ಎಳೆದು ಕಟ್ಟಿ, ಹಾಲು ಕರೆಯುವುದು. ಕರಿ ಹಸು ಆರು ಲೀಟರು, ಕೆಂದ ಹಸು ನಾಲ್ಕೂವರೆ. ಕ್ಯಾನು ಹೊತ್ತು ಡೈರಿಗೆ ಹೋಗಿ ಸಾಲಿನಲ್ಲಿ ನಿಲ್ಲುವುದು. ಬಂದು ಅಪ್ಪನಿಗೆ ಕಾಫಿ, ಅಣ್ಣನಿಗೆ ಬಿಸಿನೀರು. ರಾತ್ರಿಯ ಸಾರು ಬಿಸಿಗಿಟ್ಟು ಮುದ್ದೆ ತೊಳಸುವುದು.

ಇಷ್ಟಾದ ಮೇಲೆ ಬೆಳಗಾಗುತ್ತಿತ್ತು. ಏಳು ಗಂಟೆಯ ಬಸ್ಸಿಗೆ ಸುಧ ಕೆ.ಆರ್. ಪೇಟೆಯ ಪಾಲಿಟೆಕ್ನಿಕ್ಕಿಗೆ ಹೊರಡುತ್ತಿದ್ದಳು. ಮೆಕ್ಯಾನಿಕಲ್, ಮೂರನೇ ವರ್ಷ.

"ನಮ್ಮನೇಲೇನಿದ್ದದು ಕೆಲ್ಸ? ಎಲ್ಡು ಅಸ, ಅಷ್ಟೇಯ," ಎಂದು ಅವಳ ಅಪ್ಪ ನಿಂಗರಾಜು ಯಾರು ಕೇಳಿದರೂ ಹೇಳುತ್ತಿದ್ದ. ಸಂತೆಬಾಚಹಳ್ಳಿ ಪಕ್ಕದ ಅವರ ಊರಿನಲ್ಲಿ ಅದನ್ನು ಯಾರೂ ಸುಳ್ಳೆನ್ನುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಎರಡೋ ಮೂರೋ ಹಸು ಇದ್ದವು, ಅವುಗಳ ಕೆಳಗೆ ಕೂರುವ ಒಬ್ಬ ಹೆಂಗಸೂ ಇದ್ದಳು.

ಈ ಮನೆಯಲ್ಲಿ ಮೊದಲು ಕೂರುತ್ತಿದ್ದವಳು ಅವ್ವ ಬೈರಮ್ಮ. ಹೋದ ವರ್ಷ ಒದ್ದೆ ಬಟ್ಟೆಯ ಹೊರೆ ಹೊತ್ತು ಬರುವಾಗ ಕೆರೆ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಹಿಡಿತ ಕೂಡಲಿಲ್ಲ. ನೀರಿನ ಚೊಂಬು ಹಿಡಿದರೂ ಕೈ ನಡುಗುತ್ತಿತ್ತು. ಆಗ ಸುಧಳಿಗೆ ಹಾಲು ಕರಿ ಎಂದು ಯಾರೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಹಸು ಕೂಗಿತು, ಎದ್ದವಳು ಅವಳೊಬ್ಬಳೇ. ಅವಳಿಗೆ ಆಗ ಹತ್ತೊಂಬತ್ತು. ಹೇಳಿ ಮಾಡಿಸುವುದಕ್ಕಿಂತ ತಾನೇ ಮಾಡಿ ಮುಗಿಸುವುದು ಬೇಗ ಎನ್ನುವುದನ್ನು ಅವಳು ಅವ್ವನನ್ನು ನೋಡಿಯೇ ಕಲಿತಿದ್ದಳು. ಅದರಿಂದ ಆಗುವ ನಷ್ಟ ಏನೆಂದು ಮಾತ್ರ ನಾಗಮಂಗಲದ ಒಂದು ಬಯಲಿನಲ್ಲಿ ತಿಳಿಯಬೇಕಾಗಿತ್ತು.

ನಾಗಮಂಗಲದ ಒಂದು ಎಂಜಿನಿಯರಿಂಗ್ ಕಾಲೇಜಿನವರು ಮಾದರಿ ವಿಮಾನ ಸ್ಪರ್ಧೆ ಇಟ್ಟಿದ್ದರು. ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ, ಕಟ್ಟಿ, ರಿಮೋಟಿನಲ್ಲಿ ಹಾರಿಸಬೇಕು. ಹೊಟ್ಟೆಯಲ್ಲಿ ಮರಳಿನ ಚೀಲ ಹೊತ್ತು ಮೈದಾನಕ್ಕೆ ಮೂರು ಸುತ್ತು ಹಾಕಿ ಇಳಿಯಬೇಕು. ಎರಡು ದಿನ, ದಿನಕ್ಕೊಂದು ಸರದಿ. ಪಾಲಿಟೆಕ್ನಿಕ್ಕಿನಿಂದ ಪ್ರಮೀಳಾ ಮೇಡಂ ನಾಲ್ಕು ಜನರ ತಂಡ ಕಟ್ಟಿದರು. ಪಾಂಡವಪುರದ ತಿಮ್ಮೇಶ ನಾಯಕ, ವಿನ್ಯಾಸ ಅವನದು. ಬೆಳಗೊಳದ ಮಹದೇವಸ್ವಾಮಿಯ ಮಾವ ಗದ್ದೆಗೆ ಔಷಧಿ ಹೊಡೆಯುವ ಡ್ರೋನು ಇಟ್ಟಿದ್ದರು, ಆದ್ದರಿಂದ ಹಾರಿಸುವವನು ಅವನು. ಶ್ರೀರಂಗಪಟ್ಟಣದ ಅನುಗೆ ಮೋಟಾರು, ಬ್ಯಾಟರಿ, ವೈರು. ಉಳಿದದ್ದು ತೂಕ ಬರೆಯುವ ಕೆಲಸ.

"ಸುಧ, ನಿನ್ ಅಕ್ಷರ ಚೆಂದಾಗೈತೆ, ಅದ್ನ ನೀನೇ ಬರ್ಕೊ," ಎಂದ ತಿಮ್ಮೇಶ.

ವರ್ಕ್‌ಶಾಪಿನಲ್ಲಿ ಉದುರುವ ಫೋಮಿನ ಪುಡಿ ಗುಡಿಸುವ ಕೆಲಸವನ್ನು ಯಾರೂ ಹಂಚಲಿಲ್ಲ. ಮೂರನೇ ದಿನ ಅನು, "ನಾನು ಕಸ ಗುಡ್ಸಕ್ಕೆ ತಂಡಕ್ಕೆ ಸೇರಿಲ್ಲಪ್ಪ" ಎಂದು ಪೊರಕೆ ಮೂಲೆಗಿಟ್ಟಳು. ಸುಧ ಎತ್ತಿಕೊಂಡು ಗುಡಿಸಿದಳು. ಐದು ನಿಮಿಷದ ಕೆಲಸಕ್ಕೆ ಹತ್ತು ನಿಮಿಷ ಜಗಳ ಯಾಕೆ ಅನ್ನಿಸಿತು.

ಆದರೆ ತೂಕದ ಪುಸ್ತಕವನ್ನು ಅವಳು ಹಗುರವಾಗಿ ಹಿಡಿಯಲಿಲ್ಲ. ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯೊಂದನ್ನು ಬ್ಯಾಗಿನಲ್ಲೇ ಇಟ್ಟುಕೊಂಡಳು. ರೆಕ್ಕೆಯ ಪ್ರತಿ ಪಟ್ಟಿ, ಪ್ರತಿ ತಿರುಪು, ಪ್ರತಿ ವೈರು ತೂಗಿ ಬರೆದಳು. ಅಂಟನ್ನು ಹಚ್ಚುವ ಮೊದಲೊಮ್ಮೆ, ಒಣಗಿದ ಮೇಲೊಮ್ಮೆ. ಹತ್ತೂವರೆ ಲೀಟರಿನ ಕ್ಯಾನನ್ನು ದಿನಾ ಹೊರುವವಳಿಗೆ, ತೂಕ ಎಲ್ಲಿ ಕೂತಿದೆ ಎನ್ನುವುದರ ಮೇಲೆ ನಡಿಗೆಯೇ ಬದಲಾಗುತ್ತದೆ ಎಂದು ಬೇರೆ ಹೇಳಿಕೊಡಬೇಕಿರಲಿಲ್ಲ. ವಿಮಾನದ ಹೊಟ್ಟೆಯೊಳಗಿನ ಅಡ್ಡಗೋಡೆಗಳಿಗೆ ತೂತು ಕೊರೆದರೆ ಇಪ್ಪತ್ತು ಗ್ರಾಂ ಇಳಿಯುತ್ತದೆ ಎಂದು ಹೇಳಿ ಕೊರೆಸಿದವಳು ಅವಳೇ. ಮಹದೇವಸ್ವಾಮಿ ತಂದ ನೀಲಿ ಬಣ್ಣದ ಡಬ್ಬಿಯನ್ನು ಹಾಗೇ ವಾಪಸ್ಸು ಕಳಿಸಿದವಳೂ ಅವಳೇ.

"ಅರವತ್ತು ಗ್ರಾಂ ಬರೀ ಬಣ್ಣಕ್ಕಾ? ಬ್ಯಾಡ."

"ಲೇ ತಿಮ್ಮೇಶ, ಇನ್ಮೇಲೆ ಉಸ್ರು ಬುಡಕ್ಕೂ ಇವಳನ್ನ ಕೇಳ್ಬೇಕು ಕಣ್ಲಾ. ಅದಕ್ಕೂ ತೂಕ ಐತಂತೆ," ಎಂದು ಮಹದೇವಸ್ವಾಮಿ ನಗಾಡಿದ.

ಪ್ರಮೀಳಾ ಮೇಡಂ ಒಂದು ಪರೀಕ್ಷೆ ಹೇಳಿಕೊಟ್ಟರು. ರೆಕ್ಕೆಗಳ ಅಡಿಯಲ್ಲಿ ಎರಡು ಗುರುತು ಹಾಕಿ, ಆ ಗುರುತುಗಳಿಗೆ ಎರಡು ಬೆರಳ ತುದಿ ಕೊಟ್ಟು ವಿಮಾನ ಎತ್ತಬೇಕು. ಅದು ಮಟ್ಟವಾಗಿ ನಿಂತರೆ ಸರಿ. ಬಾಲ ಇಳಿದರೆ ಹಾರಿಸಲೇಬಾರದು. "ಮೂಗು ಭಾರವಾದ ವಿಮಾನ ಕಷ್ಟಪಟ್ಟಾದರೂ ಹಾರುತ್ತೆ. ಬಾಲ ಭಾರವಾದದ್ದು ಒಂದೇ ಸಲ ಹಾರುತ್ತೆ," ಎಂದರು. ಅದನ್ನೂ ಸುಧ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಳು.

ವಿಮಾನಕ್ಕೆ ತಿಮ್ಮೇಶ ತನ್ನೂರ ಕಡೆಯ ಹೊಳೆಯ ಹೆಸರಿಟ್ಟ, ಲೋಕಪಾವನಿ. ಸ್ಪರ್ಧೆಗೆ ಮೊದಲಿನ ಭಾನುವಾರ ಪಾಂಡವಪುರದ ನಾಲೆ ಪಕ್ಕ, ಭತ್ತ ಕೊಯ್ದ ಗದ್ದೆಯಲ್ಲಿ ಅದನ್ನು ಎರಡು ಸಲ ಹಾರಿಸಿದರು. ಆರುನೂರು ಗ್ರಾಂ ಮರಳು ಹೊತ್ತು ಮೂರು ಸುತ್ತು ಹಾಕಿ, ಕೂಳೆಯ ಮೇಲೆ ಕೊಕ್ಕರೆಯಂತೆ ಬಂದು ಇಳಿಯಿತು. ವಿಮಾನವನ್ನು ತಿಮ್ಮೇಶನ ಮನೆಯಲ್ಲೇ ಇಟ್ಟರು.

ಮನೆಯಲ್ಲಿ ಸುಧ ಹತ್ತು ದಿನ ಮೊದಲೇ ಹೇಳಿದ್ದಳು. ಮೊದಲ ದಿನ ಬೆಳಿಗ್ಗೆ ಹಾಲು ಕರೆದೇ ಹೋಗುತ್ತೇನೆ. ಎರಡನೇ ದಿನದ ಸರದಿ ಬೆಳಿಗ್ಗೆ ಎಂಟಕ್ಕೆ, ನಮ್ಮೂರ ಬಸ್ಸು ಅಷ್ಟೊತ್ತಿಗೆ ಹೋಗಲ್ಲ, ಅನು ಜೊತೆ ಆ ಕಾಲೇಜಿನ ಹಾಸ್ಟೆಲಿನಲ್ಲಿ ಉಳಿಯುತ್ತೇನೆ. ಎರಡನೇ ಸಂಜೆಗೆ ಬಂದುಬಿಡುತ್ತೇನೆ. ಅಂದರೆ ತಪ್ಪುವುದು ಎರಡೇ ಹೊತ್ತು. ಒಂದು ಸಂಜೆ, ಒಂದು ಬೆಳಿಗ್ಗೆ.

"ಅಸ ಯಾರ್ ಕರೀತಾರೆ?" ಎಂದ ನಿಂಗರಾಜು, ಮುದ್ದೆ ಮುರಿಯುತ್ತಾ.

"ನೀನ್ ಕರಿ ಅಪ್ಪ."

"ನನ್ ಕೈಗೆ ಆಲು ಇಳ್ಸಾಕಿಲ್ಲ ಕಣಮ್ಮಿ. ಅವಕ್ಕೆ ನಿನ್ ಕೈಯೇ ಆಗ್ಬೇಕು."

"ಅಣ್ಣ?"

ಕುಮಾರ್ ತಟ್ಟೆಯಿಂದ ತಲೆಯೆತ್ತಲಿಲ್ಲ. "ನಂಗೆ ಗೂಡ್ಸ್ ಆಟೋ ಬಾಡಿಗೆ ಇದ್ದದೆ. ಎಂಗಸ್ರ ಕೆಲ್ಸಕ್ಕೆಲ್ಲ ನನ್ನ ಕರೀಬ್ಯಾಡ."

"ನೋಡನ ಬುಡು," ಎಂದ ನಿಂಗರಾಜು. ಆ ಮನೆಯಲ್ಲಿ ಅದರ ಅರ್ಥ ಹೌದೂ ಅಲ್ಲ, ಇಲ್ಲವೂ ಅಲ್ಲ. ಆಮೇಲೆ ಏನಾದರೂ ಆದರೆ ನಾನು ಒಪ್ಪಿರಲಿಲ್ಲ ಎಂದು ಅಷ್ಟೆ.

ಹೊರಡುವ ದಿನ ಸುಧ ಮೂರೂವರೆಗೇ ಎದ್ದು ಎಲ್ಲ ಮುಗಿಸಿದಳು. ಬೈರಮ್ಮ ಎಡಗೈಯಲ್ಲಿ ಬ್ಯಾಗು ಹಿಡಿದು ಬೀದಿ ತಿರುವಿನವರೆಗೆ ಬಂದಳು. ಹೆಚ್ಚು ಮಾತಾಡುವ ಹೆಂಗಸಲ್ಲ ಅವಳು. ದೂರದಲ್ಲಿ ಬಸ್ಸು ಕಂಡಾಗ, ಬ್ಯಾಗು ಕೊಡುತ್ತಾ ಅಂದಳು: "ನಾನು ಮದ್ವೆ ಆಗ್ಬಂದಾಗ ಈ ಮನೇಲಿ ಮೂರ್ ಅಸ ಇದ್ದೊ. ಅತ್ತೆ ಇರ್ನಿಲ್ಲ. ಆಲು ಯಾರು ಕರೀತಿದ್ರು ಯೋಳು?"

"ಯಾರವ್ವ?"

"ನಿಮ್ಮಪ್ಪನೇಯ. ಮದ್ವೆ ಆದ ಮೂರನೇ ದಿವ್ಸಕ್ಕೆ ಕೈ ಮರ್ತೋಯ್ತು."

ಅವ್ವ ನಗಲಿಲ್ಲ. ಸುಧಳೂ ನಗಲಿಲ್ಲ. ಬಸ್ಸು ಬಂತು.

ನಾಗಮಂಗಲದ ಮೈದಾನದಲ್ಲಿ ಹನ್ನೊಂದು ತಂಡಗಳಿದ್ದವು. ತಿಮ್ಮೇಶ ಮತ್ತು ಮಹದೇವಸ್ವಾಮಿ ಬಾಡಿಗೆ ವ್ಯಾನಿನಲ್ಲಿ ವಿಮಾನ ತಂದಿದ್ದರು. ಲೋಕಪಾವನಿಯ ಮೂಗಿಗೆ ಅರಿಶಿನ ಕುಂಕುಮ ಇತ್ತು, ರೆಕ್ಕೆಗೆ ಕಟ್ಟಿದ್ದ ಸೇವಂತಿಗೆ ದಂಡೆಯನ್ನು ತಿಮ್ಮೇಶ ಆಗಷ್ಟೇ ಬಿಚ್ಚುತ್ತಿದ್ದ. ಅವನ ಮನೆಯಲ್ಲಿ ಬೆಳಿಗ್ಗೆ ಪೂಜೆ ಆಗಿತ್ತು.

ಸುಧ ತಕ್ಕಡಿ ತೆಗೆದಳು. "ಒಂದ್ಸಲ ತೂಗಿ, ಬೆರಳ ಮೇಲೆ ನಿಲ್ಸಿ ನೋಡನ."

"ಭಾನುವಾರ ತೂಗಿದ್ದೆ ಅಲ್ವಾ?" ಎಂದ ತಿಮ್ಮೇಶ.

"ಭಾನುವಾರ ತೂಗಿದ್ದು. ಇವತ್ತು ಶುಕ್ರವಾರ."

"ಪೂಜೆ ಮಾಡಿ ಮನೆಯಿಂದ ಕಳ್ಸವ್ರೆ. ಪೂಜೆ ಆದದ್ನ ಯಾರಾದ್ರೂ ತಕ್ಕಡೀಲಿ ಇಡ್ತಾರಾ? ಅಪಶಕುನ ಕಣೆ. ಬೆರಳಲ್ಲಿ ಎತ್ತಾಡ್ಸಬ್ಯಾಡ, ಸುಮ್ನಿರು."

ಸಂಘಟಕರು ಹೇಗೂ ಹಾರಿಸಿದ ಮೇಲೆಯೇ ತೂಗುವವರಿದ್ದರು. ಸುಧ ತಕ್ಕಡಿಯನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತಳು. ಸರದಿ ಬಂದಿತ್ತು, ಮೈಕಿನಲ್ಲಿ ಹೆಸರು ಕೂಗುತ್ತಿದ್ದರು. ಹತ್ತು ನಿಮಿಷ ಜಗಳ ಯಾಕೆ ಅನ್ನಿಸಿತು. ತಕ್ಕಡಿಯನ್ನು ಬ್ಯಾಗಿಗೆ ಹಾಕಿದಳು.

ಲೋಕಪಾವನಿ ಓಡಿತು, ನೆಲ ಬಿಟ್ಟಿತು, ಮೂಗೆತ್ತಿತು. ಎತ್ತುತ್ತಲೇ ಹೋಯಿತು. "ಇಳ್ಸ್ಲಾ! ಮೂತಿ ಇಳ್ಸ್ಲಾ!" ಎಂದು ತಿಮ್ಮೇಶ ಕಿರುಚಿದ. "ಇಳೀತಿಲ್ಲ ಕಣ್ಲಾ!" ಎಂದು ಮಹದೇವಸ್ವಾಮಿ ಅದಕ್ಕಿಂತ ಜೋರಾಗಿ ಕಿರುಚಿದ. ವಿಮಾನ ಆಕಾಶ ನೋಡುತ್ತಾ ನಿಂತುಬಿಟ್ಟಿತು, ಒಂದು ಕಡೆಗೆ ವಾಲಿತು, ತೆಂಗಿನ ಗರಿ ಕಳಚಿ ಬೀಳುವಂತೆ ಬಿತ್ತು. ಎಲ್ಲ ಸೇರಿ ಹತ್ತು ಸೆಕೆಂಡೂ ಆಗಿರಲಿಲ್ಲ.

"ಗಾಳಿ," ಎಂದ ತಿಮ್ಮೇಶ. ಆಮೇಲೆ ಸುಧಳ ಕಡೆ ನೋಡದೆ, "ಇಲ್ಲ ಅಂದ್ರೆ ತೂಕದ ಲೆಕ್ಕವೇ ತಪ್ಪಾಗಿರ್ಬೇಕು" ಎಂದ.

ಗಾಳಿಗೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಸುಧ ಚೂರುಗಳನ್ನು ಆಯತೊಡಗಿದಳು. ಅದೂ ಯಾರೂ ಹಂಚದ ಕೆಲಸ. ರೆಕ್ಕೆ ಉಳಿದಿತ್ತು, ಮೋಟಾರು ಉಳಿದಿತ್ತು. ಬಾಲ ಎರಡು ಕಡೆ ಮುರಿದಿತ್ತು. ಮುರಿದ ಬಾಲದ ಕೊಳವೆಯನ್ನು ಎತ್ತಿದಾಗ ಒಳಗೆ ಸರ್ರನೆ ಏನೋ ಸರಿಯಿತು. ಬಗ್ಗಿಸಿದಳು. ಅಂಗೈಗೆ ಅಕ್ಕಿ ಸುರಿಯಿತು. ಹಳದಿ ಅಕ್ಕಿ, ಅರಿಶಿನ ಹಚ್ಚಿದ್ದು. ಜೊತೆಗೆ ಒಂದು ಚೂರು ಬೆಲ್ಲ.

"ಇದೇನಿದು?"

ಮಹದೇವಸ್ವಾಮಿ ನೆಲ ನೋಡಿದ. ತಿಮ್ಮೇಶ ಹೇಳಿದ: "ನಮ್ಮವ್ವ. ಎಣ್ಣಿನ್ ಎಸ್ರು ಇಟ್ಟಿದ್ದೀರಿ, ಮನೆಯಿಂದ ಎಣ್ಮಗ್ಳುನ್ನ ಕಳಿಸ್ದಂಗೆ, ಬರೀ ಮಡ್ಲಲ್ಲಿ ಕಳಿಸ್ಬಾರ್ದು ಅಂದ್ಲು. ಮುಚ್ಚಳ ತೆಗ್ದು ಹೊಟ್ಟೆಗೆ ಮೂರು ಹಿಡಿ ಮಡ್ಲಕ್ಕಿ ಹಾಕಿದ್ಲು. ಇಲ್ಲಿಗೆ ಬಂದ್ಮೇಲೆ ನಾನೆಲ್ಲಾ ಬಾಚಿ ತೆಗ್ದೆ ಸುಧ, ದೇವ್ರಾಣೆ."

ಎಲ್ಲಾ ತೆಗೆದಿರಲಿಲ್ಲ. ವ್ಯಾನಿನ ಕುಲುಕಾಟಕ್ಕೆ ಒಂದಷ್ಟು ಕಾಳು ಅಡ್ಡಗೋಡೆಗಳ ತೂತಿನಿಂದ ಹಿಂದಕ್ಕೆ ನುಸುಳಿದ್ದವು. ಸುಧಳೇ ಕೊರೆಸಿದ ತೂತುಗಳು. ಮೂಗೆತ್ತಿದೊಡನೆ ಅವು ಬಾಲದ ತುದಿಗೆ ಜಾರಿದ್ದವು. ಅವಳು ತಕ್ಕಡಿ ತೆಗೆದು, ಈ ಸಲ ಯಾರನ್ನೂ ಕೇಳದೆ, ಅಕ್ಕಿ ಬೆಲ್ಲ ಎರಡನ್ನೂ ತೂಗಿದಳು. ಮೂವತ್ತೆಂಟು ಗ್ರಾಂ.

"ಮೂವತ್ತೆಂಟು ಗ್ರಾಮ್‌ಗೆ ವಿಮಾನ ಬೀಳ್ತದಾ?" ಎಂದ ಮಹದೇವಸ್ವಾಮಿ.

"ಹೊಟ್ಟೇಲಿದ್ರೆ ಬೀಳಲ್ಲ, ಬಾಲದಲ್ಲಿದ್ರೆ ಬೀಳ್ತದೆ," ಎಂದಳು ಅನು. "ತಿಮ್ಮೇಶ, ನಿಮ್ಮವ್ವ ನಮ್ ತಂಡಕ್ಕಲ್ಲ, ಎದುರು ತಂಡಕ್ಕೆ ಆಶೀರ್ವಾದ ಮಾಡವ್ರೆ."

ತಿಮ್ಮೇಶನಿಗೂ ನಗು ಬಂತು, ತಡೆದುಕೊಂಡ. "ನಮ್ಮವ್ವನಿಗೆ ಮಾತ್ರ ಯೋಳ್ಬ್ಯಾಡ್ರೋ. ಎದೆ ಒಡ್ಕತಳೆ." ಆಮೇಲೆ ಸುಧಳಿಗೆ, ಈ ಸಲ ಮುಖ ನೋಡಿ, "ನೀನ್ ತೂಗ್ತೀನಿ ಅಂದಾಗ ಬ್ಯಾಡ ಅಂದೋನು ನಾನೇ" ಎಂದ.

"ಬ್ಯಾಡ ಅಂದೋನು ನೀನು. ಸುಮ್ನಾದೋಳು ನಾನು," ಎಂದಳು ಸುಧ. ಪುಸ್ತಕದಲ್ಲಿ ಆ ದಿನದ ಪುಟ ತೆಗೆದು ಬರೆದಳು: ಮಡಿಲಕ್ಕಿ, ಬೆಲ್ಲ ಸೇರಿ, ಬಾಲದಲ್ಲಿ, ಮೂವತ್ತೆಂಟು. ಹಾರುವ ಮೊದಲು ತೂಗಲಿಲ್ಲ. ಕೆಳಗೆ ಸಹಿ ಹಾಕಿದಳು. ಅಕ್ಕಿಯನ್ನು ಚೆಲ್ಲಲಿಲ್ಲ, ಕರ್ಚೀಫಿನಲ್ಲಿ ಗಂಟು ಕಟ್ಟಿ ಬ್ಯಾಗಿನಲ್ಲಿಟ್ಟಳು. ಮನೆ ಬಿಟ್ಟು ಹೊರಟ ಹೆಣ್ಣಿಗೆಂದು ಒಬ್ಬ ತಾಯಿ ಕೊಟ್ಟದ್ದು ಅದು. ತಪ್ಪು ಕೊಟ್ಟವಳದಲ್ಲ.

ಮಧ್ಯಾಹ್ನವಿಡೀ ಆ ಕಾಲೇಜಿನ ಜಗುಲಿಯಲ್ಲಿ ಕೂತು ಬಾಲ ಕೂಡಿಸಿದರು. ಮುರಿದಲ್ಲಿ ಆಸರೆಗೆ ಕಟ್ಟಿಗೆ ಪಟ್ಟಿ ಕಟ್ಟೋಣವೆಂದ ತಿಮ್ಮೇಶ. ಸುಧ ತೂಗಿ ನೋಡಿ ಬೇಡವೆಂದಳು, ಭಾರ. ಸುತ್ತ ನೋಡಿದಳು. ಜಗುಲಿಯ ಕೊನೆಯಲ್ಲಿ ಕಾಲೇಜು ಗುಡಿಸುವ ಮಾದಮ್ಮ ತೆಂಗಿನ ಕಡ್ಡಿ ಪೊರಕೆಯನ್ನು ನೆಲಕ್ಕೆ ಕುಟ್ಟಿ ಬಿಗಿ ಮಾಡುತ್ತಿದ್ದಳು.

"ಅಕ್ಕ, ಒಂದ್ ನಾಕು ಕಡ್ಡಿ ಕೊಡ್ತೀರಾ?"

"ಯಾಕವ್ವ, ಅಲ್ಲು ಚುಚ್ಕಳಕ್ಕಾ?"

"ಇಮಾನಕ್ಕೆ."

ಮಾದಮ್ಮ ಬಂದು, ಸೊಂಟದ ಮೇಲೆ ಕೈಯಿಟ್ಟು ಲೋಕಪಾವನಿಯನ್ನು ನೋಡಿದಳು. "ನನ್ ಪೊರ್ಕೆ ಮೇಲಕ್ಕಾರ್ತದೆ ಅನ್ನು. ಆರ್ಲಿ, ನಾನಂತೂ ಇಲ್ಲೇ ಇವ್ನಿ." ಪೊರಕೆಯ ನಡುವಿನಿಂದ ನೆಟ್ಟಗಿದ್ದ ಐದು ಕಡ್ಡಿ ಆರಿಸಿ ಎಳೆದುಕೊಟ್ಟಳು. ಐದೂ ಸೇರಿ ಏಳು ಗ್ರಾಂ. ಕಟ್ಟಿದ ಮೇಲೆ ಬಾಲ ಬಗ್ಗಲಿಲ್ಲ.

ನಾಲ್ಕೂವರೆಯ ಹೊತ್ತಿಗೆ ಅಂಟು ಇನ್ನೂ ಹಸಿಯಾಗಿತ್ತು. ಅದು ಒಣಗಬೇಕು, ಒಣಗಿದ ಮೇಲೆ ತೂಗಬೇಕು, ಬಾಲಕ್ಕೆ ಬಂದ ಭಾರಕ್ಕೆ ಸರಿಯಾಗಿ ಬ್ಯಾಟರಿಯನ್ನು ಮುಂದಕ್ಕೆ ಸರಿಸಬೇಕು, ಬೆಳಿಗ್ಗೆ ಎಂಟಕ್ಕೆ ಮೊದಲು ಬೆರಳ ಮೇಲೆ ನಿಲ್ಲಿಸಬೇಕು. ಸುಧ ಇದನ್ನು ಹೇಳುತ್ತಿದ್ದಾಗಲೇ ಫೋನು ಬಂತು. ಅಪ್ಪ.

ಜಗುಲಿಯಲ್ಲಿ ಸಿಗ್ನಲ್ ಕಡಿದು ಕಡಿದು ಬರುತ್ತಿತ್ತು. ಬ್ಯಾಗು ಹೆಗಲಿಗೇರಿಸಿಕೊಂಡು, ಪುಸ್ತಕ ಕೈಯಲ್ಲೇ ಹಿಡಿದು ಗೇಟಿನ ಹೊರಗೆ ರಸ್ತೆಗೆ ಬಂದಳು.

"ಅಮ್ಮಿ, ಕರಿ ಅಸ ಕಟ್ಟೆ ಹತ್ರ ಆಗ್ಲೇ ಕೂಗ್ತಾ ಐತೆ. ಕೆಚ್ಲು ಕಲ್ಲಾಗೈತೆ. ಐದ್ ಗಂಟೆ ಬಸ್ಸು ಅತ್ತು ಬಂದ್ಬುಡು. ಬೆಳಿಗ್ಗೆ ಕುಮಾರ ಆಟೋದಲ್ಲಿ ಬುಟ್ಬತ್ತಾನೆ."

ಕುಮಾರ್ ಏಳಕ್ಕೆ ಮೊದಲು ಎದ್ದ ದಿನ ಅವಳಿಗೆ ನೆನಪಿರಲಿಲ್ಲ. "ಅಪ್ಪ, ಬಿಸಿನೀರಲ್ಲಿ ಕೆಚ್ಚಲು ತೊಳಿ. ಬೂಸ ಮುಂದಿಡು. ಮೊದ್ಲು ಕರು ಬುಡು, ಒಂದ್ ನಿಮ್ಷ. ಎಡಕ್ಕೆ ಕೂತ್ಕೊಬ್ಯಾಡ, ಒದೀತದೆ. ಬಲಕ್ಕೆ ಕೂತ್ಕೊ."

"ನನ್ ಕೈಗೆ ಇಳ್ಸಾಕಿಲ್ಲ ಅಂತ ಯೋಳ್ನಿಲ್ವಾ?"

"ಅವ್ವ ಈ ಮನೆಗೆ ಬರಕ್ಕೆ ಮುಂಚೆ ಮೂರು ಅಸ ಯಾರ ಕೈಗೆ ಆಲು ಇಳ್ಸ್ತಿದ್ದೊ ಅಪ್ಪ?"

ಆ ಕಡೆ ಹಸು ಕೂಗುವುದು ಫೋನಿನಲ್ಲೇ ಕೇಳಿಸಿತು.

"ಯಾರ್ ಯೋಳಿದ್ರು ನಿಂಗೆ?"

"ಯಾರೋ ಯೋಳಿದ್ರು. ಅಪ್ಪ, ಅವ್ವನ್ನ ಮಾತ್ರ ಅಸಿನ ಕೆಳಗೆ ಕೂರಸ್ಬ್ಯಾಡ. ಆ ಕೈ ಇನ್ನೊಂದ್ಸಲ ಓಯ್ತು ಅಂದ್ರೆ ಬರಾಕಿಲ್ಲ. ನೀನೇ ಕೂತ್ಕೊ."

"ಬಸ್ಸು ಅತ್ತಮ್ಮಿ," ಎಂದ ನಿಂಗರಾಜು. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. ಲೈನು ಕಡಿಯಿತು.

ಹಿಂದೆ ಮಹದೇವಸ್ವಾಮಿ ಗೇಟಿನವರೆಗೆ ಬಂದಿದ್ದ. "ಮನೆಯಿಂದಾ? ಓಗ್ಬೇಕಾದ್ರೆ ಓಗು ಸುಧ. ಪುಸ್ತಕ ಕೊಟ್ಟೋಗು, ನಾವ್ ನೋಡ್ಕತೀವಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವಳು ಪುಸ್ತಕ ಕೊಡಲಿಲ್ಲ. "ನೀನ್ ಓಗು, ಅಂಟಿನ ಮೇಲೆ ಧೂಳ್ ಕೂರ್ದಂಗೆ ನೋಡ್ಕೊ," ಎಂದಳು. ಅವನು ಹೋದ.

ರಸ್ತೆಯಲ್ಲಿ ಅವಳೊಬ್ಬಳೇ ಉಳಿದಳು. ಕರಿ ಹಸುವಿನ ಕೆಚ್ಚಲು ಈಗ ಹೇಗಿದೆ ಎಂದು ಅವಳ ಬೆರಳುಗಳಿಗೆ ಗೊತ್ತಿತ್ತು. ಇನ್ನೊಂದು ಗಂಟೆ ಕರೆಯದಿದ್ದರೆ ಹಸು ಕಾಲು ಬದಲಿಸುತ್ತದೆ, ರಾತ್ರಿಯಿಡೀ ಕರೆಯದಿದ್ದರೆ ಕೆಚ್ಚಲು ಬಾವು ಬರುತ್ತದೆ. ಅಪ್ಪ ಕೂರದಿದ್ದರೆ ಅವ್ವ ಕೂರುತ್ತಾಳೆ, ಯಾರೂ ಹೇಳದೆಯೇ, ನಡುಗುವ ಕೈಯಲ್ಲೇ. ಹೇಳಿ ಮಾಡಿಸುವುದಕ್ಕಿಂತ ಮಾಡಿ ಮುಗಿಸುವುದು ಬೇಗ ಎಂದು. ಹೋಗಿಬಿಟ್ಟರೆ ಈ ಹೆದರಿಕೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ನಾಳೆ ಎಂಟಕ್ಕೆ ಲೋಕಪಾವನಿಯನ್ನು ತೂಗುತ್ತಾರೋ ಇಲ್ಲವೋ. ನಾಳೆಯೂ ನಾಳಿದ್ದೂ ನಾಲ್ಕೂವರೆಗೆ ಹಸು ಮತ್ತೆ ಕೂಗುತ್ತದೆ, ಮನೆಯಲ್ಲಿ ಮಿಕ್ಕವರಿಗೆ ಕೇಳಿಸುವುದಿಲ್ಲ.

ಬಸ್ಸು ತಿರುವಿನಲ್ಲಿ ಕಂಡಿತು. ಅವಳು ಕೈ ತೋರಿಸಿರಲಿಲ್ಲ, ಆದರೂ ಬ್ಯಾಗು ನೋಡಿ ಡ್ರೈವರ್ ನಿಲ್ಲಿಸಿದ.

"ಸಂತೆಬಾಚಹಳ್ಳೀ, ಸಂತೆಬಾಚಹಳ್ಳಿ! ಬೇಗ ಅತ್ತವ್ವ," ಎಂದ ಕಂಡಕ್ಟರ್, ಬಾಗಿಲಲ್ಲಿ ಜೋತು ನಿಂತು. "ಇದ್ ಬುಟ್ರೆ ಆ ಕಡಿಕ್ಕೆ ಇನ್ ಬೆಳಿಗ್ಗೆಗೇಯ."

ಕೈಯಲ್ಲಿದ್ದ ಫೋನು ಮತ್ತೆ ಅದುರಿತು. ಮನೆಯ ನಂಬರು. ಅಪ್ಪ ಕೂತನೆಂದು ಹೇಳಲೋ, ಕೂರಲಿಲ್ಲವೆಂದು ಹೇಳಲೋ, ಅವಳಿಗೆ ಗೊತ್ತಿರಲಿಲ್ಲ. ಎತ್ತಿದ ಮೇಲೆ ತೀರ್ಮಾನ ಮಾಡಿದರೆ ಅದು ತನ್ನ ತೀರ್ಮಾನ ಆಗುವುದಿಲ್ಲ ಎಂದು ಮಾತ್ರ ಗೊತ್ತಿತ್ತು.

ಸುಧ ಕಂಡಕ್ಟರನ ಮುಖ ನೋಡಿದಳು.

"ನಾನ್ ಬರಾಕಿಲ್ಲ ಅಣ್ಣ. ನೀವ್ ಓಗಿ," ಎಂದಳು, ಬಸ್ಸಿನಲ್ಲಿ ಕೂತವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟ ಮೇಲೆ ಅವಳು ಫೋನು ಎತ್ತಿದಳು.